ಬಣ್ಣ, ಕಾಗದ, ಲೇಸು, ಮಣಿ: ಕಲಾಕೌದಿಯಲ್ಲಿ ಯಾವುದು ಮೊದಲು, ಯಾವುದು ಕೊನೆಗೆ?

ಪ್ರಶ್ನೆ: ಗೋಡೆಗೆ ತೂಗುಹಾಕಲೆಂದು ಮನೆಯಲ್ಲೇ ಒಂದು ಕಲಾಕೌದಿ ಮಾಡುತ್ತಿದ್ದೇನೆ. ಮೂರಡಿ ಉದ್ದ, ಎರಡಡಿ ಅಗಲ. ಹತ್ತಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಅಕ್ರಿಲಿಕ್ ಬಣ್ಣ ಬಳಿದೆ. ಹಳೆಯ ಪುಸ್ತಕದ ಹಾಳೆಗಳನ್ನು ಅಂಟಿಸಿದೆ. ಲೇಸು, ನೆಟ್ ಬಟ್ಟೆ, ತಾಮ್ರದ ತಂತಿ, ಮಣಿಗಳನ್ನು ಸೇರಿಸಿದೆ. ಈಗ ಯಂತ್ರದಲ್ಲಿ ಹೊಲಿಯುತ್ತಿದ್ದರೆ ಬಣ್ಣ ಇರುವಲ್ಲೆಲ್ಲ ದಾರ ತುಂಡಾಗುತ್ತಿದೆ, ಹೊಲಿಗೆಯ ಗೆರೆಯುದ್ದಕ್ಕೂ ಕಾಗದ ಹರಿಯುತ್ತಿದೆ, ಅಂಚುಗಳು ಅಲೆಅಲೆಯಾಗಿ ಎದ್ದು ನಿಂತಿವೆ. ಯಾವ ಕೆಲಸವನ್ನು ಯಾವಾಗ ಮಾಡಬೇಕಿತ್ತು? ಇಷ್ಟೆಲ್ಲ ಸೇರಿದ ಮೇಲೂ ಇದನ್ನು ಕೌದಿ ಎನ್ನಬಹುದೇ?

ಉತ್ತರ: ನಿಮ್ಮ ಮೂರು ತೊಂದರೆಗಳ ಬೇರು ಒಂದೇ. ಹೊಲಿಗೆಯನ್ನು ನೀವು ಕೊನೆಯ ಕೆಲಸವೆಂದು ತಿಳಿದಿದ್ದೀರಿ. ಚಿತ್ರವೆಲ್ಲ ಮುಗಿದ ಮೇಲೆ ಅದನ್ನು ಭದ್ರಪಡಿಸುವುದಷ್ಟೇ ಸೂಜಿಯ ಪಾಲು ಎಂದುಕೊಂಡಾಗ, ಸೂಜಿಗೆ ದಾರಿ ಇದೆಯೇ ಎಂದು ನೋಡದೆಯೇ ಬಣ್ಣ ಬಳಿಯುತ್ತೇವೆ, ಕಾಗದ ಅಂಟಿಸುತ್ತೇವೆ. ಕೌದಿಯಲ್ಲಿ ಹೊಲಿಗೆಯೇ ಕಟ್ಟು, ಹೊಲಿಗೆಯೇ ರೇಖೆ. ಮೊದಲ ತುಂಡು ಕತ್ತರಿಸುವಾಗಲೇ ಅದು ಎಲ್ಲಿ ಹಾಯುತ್ತದೆ ಎಂದು ತಿಳಿದಿರಬೇಕು. ಉಳಿದ ಪ್ರತಿಯೊಂದು ವಸ್ತುವನ್ನೂ ಸೂಜಿ ಒಪ್ಪುವಂತೆ ಸಿದ್ಧಪಡಿಸಬೇಕು.

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಕೆಲಸದ ಕ್ರಮ ಹುಟ್ಟುವುದು ಅಲ್ಲಿಂದಲೇ. ಮೇಲುಬಟ್ಟೆ, ನಡುಪದರ, ಅಡಿಬಟ್ಟೆ ಈ ಮೂರನ್ನು ಹೊಲಿಗೆ ಒಂದಾಗಿಸಿದರೆ ಅದು ಕೌದಿ. ಹಾಸಿಗೆಯ ಮೇಲೆಯೇ ಇರಬೇಕೆಂಬ ಕಟ್ಟಳೆ ಇಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಗಿರಿಯೊಳಗೆ ಹುಟ್ಟಿದ ಹ್ಯಾರಿಯೆಟ್ ಪವರ್ಸ್ 1880ರ ದಶಕದಲ್ಲೇ ಬೈಬಲ್ಲಿನ ಪ್ರಸಂಗಗಳನ್ನು ಬಟ್ಟೆಯ ಆಕೃತಿಗಳಾಗಿ ಕತ್ತರಿಸಿ ಕೌದಿಯ ಮೇಲೆ ಹೊಲಿದಿದ್ದರು. ಅದು ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1971ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ಹಳೆಯ ಕೌದಿಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿ ತೋರಿಸಿತು. 1979ರಲ್ಲಿ ಒಹಾಯೊ ರಾಜ್ಯದ ಅಥೆನ್ಸ್‌ನಲ್ಲಿ ಹೊಸ ಕಲಾಕೌದಿಗಳಿಗಾಗಿಯೇ ‘ಕ್ವಿಲ್ಟ್ ನ್ಯಾಷನಲ್’ ಪ್ರದರ್ಶನ ಆರಂಭವಾಯಿತು. ನಿಮ್ಮ ಕೆಲಸಕ್ಕೆ ಇವರೆಲ್ಲರಿಗಿಂತ ಹತ್ತಿರದವರು ಅಮೆರಿಕದ ಕಲಾವಿದೆ ಫೇತ್ ರಿಂಗ್‌ಗೋಲ್ಡ್. ಅವರ 1988ರ ಕಥಾಕೌದಿ ‘ಟಾರ್ ಬೀಚ್’ನಲ್ಲಿ ಅಕ್ರಿಲಿಕ್ ಚಿತ್ರ ಕ್ಯಾನ್ವಾಸ್ ಮೇಲಿದೆ, ಅದರ ಸುತ್ತ ಬಟ್ಟೆಯ ತೇಪೆಗಳ ಚೌಕಟ್ಟು ಇದೆ. ಬಣ್ಣಕ್ಕೂ ತೇಪೆಗೂ ಅಲ್ಲಿ ತಮ್ಮ ತಮ್ಮ ಜಾಗ ಸಿಕ್ಕಿದೆ. ಆ ವಿಂಗಡಣೆಯನ್ನು ಗಮನವಿಟ್ಟು ನೋಡಿ, ಬಹಳ ಕಲಿಯಬಹುದು.

ನಾನು ಅನುಸರಿಸುವ ಒರೆಗಲ್ಲು ಇದು: ಹೊಲಿಗೆಯನ್ನೆಲ್ಲ ಬಿಚ್ಚಿದರೆ ಕೃತಿ ಕಳಚಿ ಬೀಳುತ್ತದೆಯೇ? ಬೀಳುತ್ತದೆ ಎಂದಾದರೆ ಅದು ಕೌದಿ, ಮೇಲೆ ಏನೇ ಸೇರಿರಲಿ. ಅಂಟಿನ ಬಲದಲ್ಲೇ ನಿಂತಿರುತ್ತದೆ ಎಂದಾದರೆ ಅದು ಬಟ್ಟೆಯ ಕೊಲಾಜ್. ಕೊಲಾಜ್ ಕಡಿಮೆಯದೇನೂ ಅಲ್ಲ, ಆದರೆ ಅದರ ದಾರಿ ಬೇರೆ. ನೀವು ಕೌದಿ ಮಾಡಬೇಕೆಂದಿದ್ದೀರಿ, ಆದ್ದರಿಂದ ಅದಕ್ಕೆ ತಕ್ಕ ಕ್ರಮವನ್ನು ಹೇಳುತ್ತೇನೆ.

ನೀರಿನ ಕೆಲಸಗಳೆಲ್ಲ ಮೊದಲು. ಬಟ್ಟೆ ಒಗೆದು ಗಂಜಿ ತೆಗೆಯುವುದು, ಬಣ್ಣ ಹಾಕುವುದು, ಅಚ್ಚೊತ್ತುವುದು, ಕಾಗದವನ್ನು ಬಟ್ಟೆಗೆ ಕೂರಿಸುವುದು ಇವೆಲ್ಲ ಬಿಡಿ ತುಂಡುಗಳ ಮೇಲೆಯೇ ಮುಗಿಯಲಿ. ಅವು ಪೂರ್ತಿ ಒಣಗಿದ ಮೇಲೆ ಶಾಖದ ಕೆಲಸ: ಇಸ್ತ್ರಿಯಿಂದ ಬಣ್ಣ ನಿಲ್ಲಿಸುವುದು, ಅಂಟುಹಾಳೆ ಕೂರಿಸುವುದು, ಸಿಂಥೆಟಿಕ್ ಬಟ್ಟೆಯನ್ನು ಕರಗಿಸಿ ರಂಧ್ರ ಮಾಡುವುದು. ಮೂರನೆಯದಾಗಿ ಪದರಗಳನ್ನು ಜೋಡಿಸಿ ಹೊಲಿಗೆ. ಹೊಲಿಗೆ ಮುಗಿದ ಮೇಲೆ ಕೃತಿಯನ್ನು ಹಲಗೆಯ ಮೇಲೆ ಚೌಕಕ್ಕೆ ತಂದು ಅಂಚು ಕತ್ತರಿಸಬೇಕು. ಮಣಿ, ತಂತಿ, ಗುಂಡಿಗಳಂತಹ ಉಬ್ಬು ವಸ್ತುಗಳು ಎಲ್ಲಕ್ಕಿಂತ ಕೊನೆಗೆ, ಅದೂ ಕೈಯಿಂದಲೇ. ಮಣಿ ಕೂರಿಸಿದ ಬಟ್ಟೆ ಯಂತ್ರದ ಕೆಳಗೆ ಹೋದರೆ ಸೂಜಿ ಮುರಿದು ಚೂರು ಕಣ್ಣಿಗೆ ಹಾರಬಹುದು. ಹೀಗಾಗಿ ಈ ಒಂದು ಹಂತವನ್ನು ಹಿಂದುಮುಂದು ಮಾಡುವುದಕ್ಕೆ ನಾನು ಎಂದೂ ಒಪ್ಪುವುದಿಲ್ಲ.

ಇನ್ನು ಬಣ್ಣ. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್ ಅಂಟಿನೊಳಗೆ ತೇಲುವ ವರ್ಣದ ಪುಡಿ. ಒಣಗಿದಾಗ ಅದು ಬಟ್ಟೆಯ ಮೇಲೆ ಹಾಳೆಯಂತಹ ಪೊರೆಯಾಗುತ್ತದೆ. ಬರಿಯ ಬಟ್ಟೆಯಲ್ಲಿ ಸೂಜಿ ಚುಚ್ಚಿದಾಗ ಹಾಸು ಹೊಕ್ಕಿನ ಎಳೆಗಳು ಸರಿದು ದಾರಿ ಕೊಡುತ್ತವೆ, ಸೂಜಿ ಹೊರಬಂದೊಡನೆ ಮತ್ತೆ ಹತ್ತಿರವಾಗುತ್ತವೆ. ಪೊರೆಗೆ ಆ ಗುಣವಿಲ್ಲ. ಚುಚ್ಚಿದ ತೂತು ತೂತಾಗಿಯೇ ಉಳಿಯುತ್ತದೆ, ಸೂಜಿಗೆ ಉಜ್ಜಿಕೊಂಡು ಬಿಸಿಯಾಗಿ ಅಂಟುತ್ತದೆ, ದಾರ ಸವೆದು ತುಂಡಾಗುತ್ತದೆ. ಬಣ್ಣವನ್ನು ದಪ್ಪವಾಗಿ ಬಳಿದಷ್ಟೂ ಈ ಕಾಟ ಹೆಚ್ಚು. ಜವಳಿಗೆಂದೇ ಸಿಗುವ ಟೆಕ್ಸ್‌ಟೈಲ್ ಮೀಡಿಯಂ ಅನ್ನು ಅಕ್ರಿಲಿಕ್ ಜೊತೆ ಬೆರೆಸಿದರೆ ಪೊರೆ ಮೆದುವಾಗುತ್ತದೆ. ಸಾಮಾನ್ಯವಾಗಿ ಬಣ್ಣದಷ್ಟೇ ಪ್ರಮಾಣದ ಮೀಡಿಯಂ ಬೇಕಾಗುತ್ತದೆ, ನಿಮ್ಮ ಶೀಶೆಯ ಮೇಲಿನ ಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ. ಅದನ್ನು ತೆಳುವಾಗಿ, ಪದರ ಪದರವಾಗಿ ಬಳಿಯಿರಿ. ಒಂದು ಇಡೀ ದಿನ ಒಣಗಲು ಬಿಟ್ಟು, ಮೇಲೊಂದು ಬಟ್ಟೆ ಹಾಸಿ ಮೂರರಿಂದ ಐದು ನಿಮಿಷ ಇಸ್ತ್ರಿ ಹಿಡಿಯಿರಿ. ಜವಳಿಗಾಗಿಯೇ ತಯಾರಾದ ಫ್ಯಾಬ್ರಿಕ್ ಪೇಂಟ್ ಕೊಂಡರೆ ಈ ಬೆರಕೆಯೇ ಬೇಡ.

ದೊಡ್ಡ ಹರವಿಗೆ ಮಾತ್ರ ಬಣ್ಣ ಬಳಿಯುವುದಕ್ಕಿಂತ ಬಟ್ಟೆಯನ್ನೇ ಬಣ್ಣದಲ್ಲಿ ಅದ್ದುವುದು ಮೇಲು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ‘ಪ್ರೋಸಿಯಾನ್’ ಮಾದರಿಯ ರಿಯಾಕ್ಟಿವ್ ಬಣ್ಣಗಳು ಹತ್ತಿಯ ನಾರಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಬಟ್ಟೆಯ ಮೇಲೆ ಪೊರೆ ಇರುವುದಿಲ್ಲ, ಮೃದುತ್ವ ಹಾಗೇ ಇರುತ್ತದೆ, ಸೂಜಿಗೆ ಅಡ್ಡಿಯಿಲ್ಲ. ಬಣ್ಣ ನಿಲ್ಲಲು ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ ಆ್ಯಶ್ ಬೇಕು, ಕುದಿಸುವ ಅಗತ್ಯವಿಲ್ಲ. ಇವು ಹತ್ತಿ, ನಾರುಮಡಿ, ರೇಯಾನ್, ರೇಷ್ಮೆಗೆ ಹಿಡಿಯುತ್ತವೆ, ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ. ಪುಡಿ ಬೆರೆಸುವಾಗ ಮೂಗಿಗೆ ಮಾಸ್ಕ್ ಇರಲೇಬೇಕು, ಅದರ ದೂಳು ಶ್ವಾಸಕೋಶಕ್ಕೆ ಅಲರ್ಜಿ ತರಬಲ್ಲದು. ಅಡುಗೆಗೆ ಬಳಸುವ ಪಾತ್ರೆ, ಚಮಚಗಳನ್ನು ಈ ಕೆಲಸಕ್ಕೆ ತರಬೇಡಿ. ಅದ್ದಿದ ಬಟ್ಟೆಯ ಮೇಲೆ ಬೇಕಾದ ಕಡೆ ಮಾತ್ರ ಕುಂಚದ ಕೆಲಸ ಮಾಡಿದರೆ ಆ ಕುಂಚದ ಗುರುತಿಗೂ ಬೆಲೆ ಬರುತ್ತದೆ.

ಕಾಗದ ಹರಿಯುವುದು ಸಹಜ. ಅಂಚೆ ಚೀಟಿಗಳ ನಡುವೆ ಸಾಲಾಗಿ ತೂತು ಹೊಡೆದಿರುವುದು ಸುಲಭವಾಗಿ ಹರಿಯಲೆಂದೇ ಅಲ್ಲವೇ? ಸಣ್ಣ ಹೊಲಿಗೆಯೂ ಕಾಗದಕ್ಕೆ ಮಾಡುವುದು ಅದನ್ನೇ. ಪರಿಹಾರ ಎರಡು. ಮೊದಲನೆಯದು, ಕಾಗದವನ್ನು ಬಟ್ಟೆಯಾಗಿಸುವುದು. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾದ ಮಲ್ ಬಟ್ಟೆ ಹಾಸಿ, ಬಿಳಿಯ ಪಿವಿಎ ಅಂಟನ್ನು ಸಮಪ್ರಮಾಣ ನೀರಿನಲ್ಲಿ ತೆಳುಮಾಡಿ ಬಳಿಯಿರಿ. ಅದರ ಮೇಲೆ ಕಾಗದವಿಟ್ಟು ಮತ್ತೆ ಅದೇ ಅಂಟನ್ನು ಬಳಿಯಿರಿ, ಬೇಕಿದ್ದರೆ ತೆಳುವಾದ ಟಿಶ್ಯೂ ಕಾಗದದ ಇನ್ನೊಂದು ಪದರ ಹಾಕಿ. ಇಡೀ ದಿನ ಒಣಗಿದ ಮೇಲೆ ಪ್ಲಾಸ್ಟಿಕ್‌ನಿಂದ ಬಿಡಿಸಿದರೆ ಕಾಗದಕ್ಕೆ ಬಟ್ಟೆಯ ಬೆನ್ನೆಲುಬು ಬಂದಿರುತ್ತದೆ. ಎರಡನೆಯದು, ಹೊಲಿಗೆಯ ಉದ್ದ ಹೆಚ್ಚಿಸುವುದು. ಕಾಗದದ ಮೇಲೆ ಮೂರು ಮಿಲಿಮೀಟರ್‌ಗಿಂತ ಚಿಕ್ಕ ಹೊಲಿಗೆ ಬೇಡ, ಒಂದೇ ಗೆರೆಯ ಮೇಲೆ ಎರಡು ಬಾರಿ ಹೊಲಿಯುವುದಂತೂ ಬೇಡವೇ ಬೇಡ. ಹರಿಯಬಹುದೆಂಬ ಅನುಮಾನವಿದ್ದರೆ ಮೇಲೆ ತೆಳು ಆರ್ಗಂಜಾ ಅಥವಾ ನೆಟ್ ಹಾಸಿ, ಅದರ ಮೂಲಕ ಹೊಲಿಯಿರಿ. ಹೊಲಿಗೆಯ ಎಳೆತವನ್ನು ನೆಟ್ ಹೊತ್ತುಕೊಳ್ಳುತ್ತದೆ, ಅಕ್ಷರಗಳು ಅದರ ಹಿಂದಿನಿಂದ ಮಬ್ಬಾಗಿ ಕಾಣುತ್ತವೆ. ಅಗ್ಗದ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ವಸ್ತುವೂ ಆಮ್ಲವೂ ಇರುತ್ತವೆ. ಪತ್ರಿಕೆಯ ಹಾಳೆ ಬೇಗ ಹಳದಿಯಾಗಿ ಪುಡಿಯಾಗುವುದು ಅವುಗಳಿಂದಲೇ. ಹಾಳೆ ಬಹುಕಾಲ ಉಳಿಯಬೇಕೆಂದಿದ್ದರೆ ಅದರ ಪ್ರತಿಯನ್ನು ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿ ಬಳಸಿ.

ವಸ್ತುಗಳ ಬಾಳಿಕೆಯ ಮಾತು ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೇಷ್ಮೆ, ಮಖಮಲ್ ತುಂಡುಗಳನ್ನು ಅಡ್ಡಾದಿಡ್ಡಿ ಜೋಡಿಸಿ ಕಸೂತಿ ತುಂಬಿದ ‘ಕ್ರೇಜಿ ಕ್ವಿಲ್ಟ್’ಗಳು ಬಹಳ ಜನಪ್ರಿಯವಾಗಿದ್ದವು. ಆ ಕಾಲದ ಎಷ್ಟೋ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣ ಸೇರಿಸುತ್ತಿದ್ದರು. ಆ ರೇಷ್ಮೆ ಈಗ ತಾನಾಗಿಯೇ ಚೂರುಚೂರಾಗಿ ಉದುರುತ್ತಿದೆ. ಸುತ್ತಲಿನ ಕಸೂತಿ ಮಾತ್ರ ಗಟ್ಟಿಯಾಗಿ ಉಳಿದಿದೆ. ತುಕ್ಕು ಹಿಡಿದ ಕಬ್ಬಿಣವಿಟ್ಟು ಬಟ್ಟೆಯ ಮೇಲೆ ಅಚ್ಚು ಮೂಡಿಸುವವರೂ ಇದನ್ನು ನೆನಪಿಡಬೇಕು: ಕಬ್ಬಿಣದ ತುಕ್ಕು ಹತ್ತಿಯ ನಾರನ್ನು ತಿನ್ನುತ್ತಲೇ ಇರುತ್ತದೆ. ಬಣ್ಣ ಮನೋಹರವಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಕೃತಿಯ ಭಾರ ಹೊರುವ ಬಟ್ಟೆಯ ಮೇಲೆ ತುಕ್ಕು ಬೇಡ, ಮೇಲೆ ಹಚ್ಚುವ ತೇಪೆಯಲ್ಲಿ ಇರಲಿ.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಟ್ ಗ್ಲೂ ಬೇಡ, ರಬ್ಬರ್ ಸೊಲ್ಯೂಷನ್ ಬೇಡ. ಮೊದಲನೆಯದು ಉಂಡೆಯಾಗಿ ನಿಂತು ಸೂಜಿಯನ್ನು ತಡೆಯುತ್ತದೆ, ಎರಡನೆಯದು ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗಿ ಮೇಲಕ್ಕೆ ಕಲೆ ಬಿಡುತ್ತದೆ. ಇಸ್ತ್ರಿ ಒತ್ತಿದರೆ ಹಿಡಿದುಕೊಳ್ಳುವ ತೆಳು ಅಂಟುಹಾಳೆ ತೇಪೆಗಳಿಗೆ ಸಾಕು. ಅದನ್ನು ತೇಪೆಯ ಅಂಚಿನಗಲಕ್ಕೆ ಮಾತ್ರ ಹಚ್ಚಿ ನಡುವೆ ಬಿಟ್ಟರೆ ಬಟ್ಟೆ ಹಲಗೆಯಂತಾಗುವುದಿಲ್ಲ.

ಸಿಂಥೆಟಿಕ್ ಬಟ್ಟೆಗೆ ಶಾಖ ಕೊಟ್ಟು ಮಾಡುವ ಕೆಲಸ ಕಣ್ಣಿಗೆ ಹಬ್ಬ. ಪಾಲಿಯೆಸ್ಟರ್ ಆರ್ಗಂಜಾವನ್ನು ಹತ್ತಿಯ ಮೇಲೆ ಹೊಲಿದು, ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದರೆ ಆರ್ಗಂಜಾ ಕರಗಿ ಹಿಂಜರಿಯುತ್ತದೆ, ಹತ್ತಿ ಹಾಗೇ ನಿಲ್ಲುತ್ತದೆ, ಹೊಲಿಗೆಯ ಗೆರೆಗಳ ನಡುವೆ ಕೆಳಗಿನ ಬಣ್ಣ ಕಿಟಕಿಯಂತೆ ತೆರೆದುಕೊಳ್ಳುತ್ತದೆ. ಇಲ್ಲಿ ಹೊಲಿಗೆ ಹತ್ತಿಯ ದಾರದ್ದೇ ಇರಬೇಕು, ಪಾಲಿಯೆಸ್ಟರ್ ದಾರವೂ ಕರಗಿಹೋಗುತ್ತದೆ. ಲಕೋಟೆಗಳಿಗೆ ಬಳಸುವ ಟೈವೆಕ್ ಎಂಬ ಪಾಲಿಥೀನ್ ಹಾಳೆ ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಎರಡು ಬೇಕಿಂಗ್ ಕಾಗದಗಳ ನಡುವೆ ಇಟ್ಟು ಹದವಾದ ಇಸ್ತ್ರಿ ತಾಗಿಸಿದರೆ ಗುಳ್ಳೆಗುಳ್ಳೆಯಾಗಿ ಉಬ್ಬಿ ಚಿಪ್ಪಿನಂತಾಗುತ್ತದೆ. ಆದರೆ ಹೊಗೆಯ ವಿಷಯದಲ್ಲಿ ನಾನು ಕಠಿಣವಾಗಿಯೇ ಇರುತ್ತೇನೆ. ದೂಳು ತಡೆಯುವ ಸಾಮಾನ್ಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು, ಕೆಲಸ ಬಯಲಿನಲ್ಲಿ ಅಥವಾ ತೆರೆದ ಕಿಟಕಿಯ ಬಳಿ ನಡೆಯಬೇಕು. ಪಿವಿಸಿ ಮತ್ತು ರೆಕ್ಸಿನ್ ಅನ್ನು ಯಾವ ಕಾರಣಕ್ಕೂ ಬಿಸಿಮಾಡಬೇಡಿ, ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬರುತ್ತದೆ. ಅಕ್ರಿಲಿಕ್ ಉಣ್ಣೆ ಸುಟ್ಟರೆ ಬರುವ ಹೊಗೆಯಲ್ಲಿ ಸಯನೈಡ್ ಇರುತ್ತದೆ. ಯಾವ ನಾರು ಎಂದು ಗೊತ್ತಿಲ್ಲದ ಬಟ್ಟೆಯನ್ನು ಸುಡದೆ ಹೊಲಿದುಬಿಡಿ.

ಈಗ ಅಂಚುಗಳ ಅಲೆ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಒಂದಿಷ್ಟು ಒಳಕ್ಕೆ ಸೆಳೆಯುತ್ತದೆ. ನಡುವೆ ಒತ್ತಾಗಿ ಹೊಲಿದು ಅಂಚುಗಳಲ್ಲಿ ವಿರಳವಾಗಿ ಬಿಟ್ಟರೆ ನಡುಭಾಗ ಕುಗ್ಗುತ್ತದೆ, ಅಂಚು ತನ್ನ ಉದ್ದದಲ್ಲೇ ಉಳಿಯುತ್ತದೆ. ಉಳಿದ ಆ ಹೆಚ್ಚುವರಿ ಉದ್ದಕ್ಕೆ ಹೋಗಲು ಜಾಗವಿಲ್ಲದೆ ಅದು ಅಲೆಯಾಗಿ ಏಳುತ್ತದೆ. ತಿರುವುಮುರುವಾಗಿ ಅಂಚಿನಲ್ಲಿ ಒತ್ತು, ನಡುವೆ ವಿರಳ ಮಾಡಿದರೆ ಹೊಟ್ಟೆ ಉಬ್ಬುತ್ತದೆ. ನಿಮ್ಮ ಕೃತಿಯ ಹಿಂಬದಿಯನ್ನು ತಿರುಗಿಸಿ ಹೊಲಿಗೆಯನ್ನು ಮಾತ್ರ ನೋಡಿ, ಎಲ್ಲಿ ಕೈ ಹೆಚ್ಚು ಓಡಿದೆ ಎಂಬುದು ಒಡನೆಯೇ ಕಾಣುತ್ತದೆ. ಹೊಲಿಗೆಯ ಒತ್ತು ಇಡೀ ಕೃತಿಯಲ್ಲಿ ಹೆಚ್ಚುಕಡಿಮೆ ಸಮನಾಗಿರಬೇಕು. ಕಣ್ಣಿಗೆ ಖಾಲಿ ಬೇಕೆನಿಸಿದ ಕಡೆ ಬಟ್ಟೆಯದೇ ಬಣ್ಣದ ತೆಳು ದಾರದಲ್ಲಿ ಹೊಲಿದರೆ ಒತ್ತು ಇರುತ್ತದೆ, ಗೆರೆ ಕಾಣುವುದಿಲ್ಲ.

ಕುಗ್ಗುವುದು ಖಚಿತವಾದ್ದರಿಂದ ಬೇಕಾದ ಅಳತೆಗಿಂತ ಹತ್ತರಲ್ಲೊಂದು ಪಾಲು ದೊಡ್ಡದಾಗಿಯೇ ಶುರುಮಾಡಿ, ಕೊನೆಗೆ ಕತ್ತರಿಸಿದರಾಯಿತು. ಗೋಡೆಯ ಕೃತಿಗೆ ಉಬ್ಬಿದ ಪಾಲಿಯೆಸ್ಟರ್ ನಡುಪದರ ನನಗೆ ಹಿಡಿಸುವುದಿಲ್ಲ. ತೆಳುವಾದ ಹತ್ತಿಯ ಪದರ ಅಥವಾ ಗಟ್ಟಿ ಫೆಲ್ಟ್ ಇದ್ದರೆ ಕೃತಿ ನೇರವಾಗಿ ತೂಗುತ್ತದೆ, ಮಣಿಗಳ ಭಾರವನ್ನೂ ತಾಳುತ್ತದೆ. ಎಲ್ಲ ಬಟ್ಟೆಗಳ ಹಾಸಿನ ಎಳೆ ಮೇಲಿಂದ ಕೆಳಕ್ಕೆ ಇರಲಿ. ಓರೆಯಾಗಿ ಕತ್ತರಿಸಿದ ತುಂಡು ಅಂಚಿಗೆ ಬಂದರೆ ಅದು ತನ್ನ ಭಾರಕ್ಕೇ ಜಗ್ಗುತ್ತದೆ. ಮೂರು ಪದರಗಳನ್ನು ಕಚ್ಚಾ ಹೊಲಿಗೆಯಿಂದ ಅಂಗೈ ಅಗಲಕ್ಕೊಂದು ಗೆರೆಯಂತೆ ಹಿಡಿಸಿ. ಹೊಲಿಗೆಯನ್ನು ನಡುವಿನಿಂದ ಹೊರಕ್ಕೆ ಒಯ್ಯಿರಿ. ಮೊದಲು ಇಡೀ ಕೃತಿಗೆ ದೂರದೂರದ ಗೆರೆ ಹಾಕಿ, ಆಮೇಲೆ ಮಧ್ಯೆ ತುಂಬುತ್ತ ಬನ್ನಿ. ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದೇ ಅರ್ಧ ತೊಂದರೆಗಳಿಗೆ ಕಾರಣ.

ಯಂತ್ರದಲ್ಲಿ ಮುಕ್ತವಾಗಿ ಗೆರೆ ಎಳೆಯಲು ಬಟ್ಟೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದ ಎತ್ತಲಾದರೂ ಸರಿಸಲು ಬಿಡುವ ಡಾರ್ನಿಂಗ್ ಫೂಟ್ (ಯಂತ್ರದ ಪಾದ) ಹಾಕಿ. ಆಗ ಹೊಲಿಗೆಯ ಉದ್ದ ನಿಮ್ಮ ಕೈಯ ವೇಗಕ್ಕೂ ಯಂತ್ರದ ವೇಗಕ್ಕೂ ಇರುವ ಹೊಂದಾಣಿಕೆಯಿಂದ ಬರುತ್ತದೆ. ಯಂತ್ರ ಒಂದೇ ವೇಗದಲ್ಲಿ ಓಡಲಿ, ಕೈ ನಿಧಾನವಾಗಿರಲಿ. ಬಣ್ಣ ಬಳಿದ ಬಟ್ಟೆಗೆ 90/14 ಅಳತೆಯ ಜೀನ್ಸ್ ಅಥವಾ ಟಾಪ್‌ಸ್ಟಿಚ್ ಸೂಜಿ ಬೇಕು. ಈ 90 ಎಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. ಟಾಪ್‌ಸ್ಟಿಚ್ ಸೂಜಿಯ ಕಣ್ಣು ದೊಡ್ಡದು, ಆದ್ದರಿಂದ ಜರಿ ದಾರವೂ ಸವೆಯದೆ ಹಾಯುತ್ತದೆ. ಮೇಲಿನ ದಾರದ ಬಿಗಿಯನ್ನು ಒಂದೆರಡು ಅಂಕ ಇಳಿಸಿ. ಸೂಜಿಗೆ ಬಣ್ಣವೋ ಅಂಟೋ ಮೆತ್ತಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಮೊಂಡಾಗಿದ್ದರೆ ಬದಲಿಸಿ. ಇದೆಲ್ಲವನ್ನೂ ಕೃತಿಯ ಮೇಲೆ ಪ್ರಯೋಗಿಸಬಾರದು. ಅದೇ ಪದರ, ಅದೇ ಬಣ್ಣ, ಅದೇ ಕಾಗದ ಇರುವ ಗೇಣಗಲದ ತುಣುಕೊಂದನ್ನು ಪಕ್ಕದಲ್ಲಿ ಸಿದ್ಧವಿಟ್ಟುಕೊಂಡು ಅದರ ಮೇಲೆ ಮೊದಲು ಹೊಲಿಯಿರಿ.

ಕೈಹೊಲಿಗೆಯನ್ನು ಯಂತ್ರಕ್ಕಿಂತ ಕೆಳಗೆ ಇಡಬೇಡಿ. ಬಂಗಾಳದ ಕಾಂಥಾ ಕೆಲಸದಲ್ಲಿ ನಡುವೆ ಹತ್ತಿಯ ಪದರವೂ ಇರುವುದಿಲ್ಲ. ಹಳೆಯ ಮೆತ್ತನೆಯ ಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ಸರಳವಾದ ಸಾಲುಹೊಲಿಗೆ ಹಾಕುತ್ತಾರೆ, ಅಷ್ಟರಿಂದಲೇ ಮೇಲ್ಮೈಯಲ್ಲಿ ಸಣ್ಣ ಅಲೆಗಳ ಚೆಲುವು ಏಳುತ್ತದೆ. ಯಂತ್ರ ಸೋತ ಬಣ್ಣದ ಪೊರೆಯನ್ನು ಕೈಸೂಜಿ ತಾಳ್ಮೆಯಿಂದ ದಾಟಬಲ್ಲದು, ಎಲ್ಲಿ ಚುಚ್ಚಬೇಕೆಂದು ಅಲ್ಲಿ ಕೈಗೆ ಗೊತ್ತಿರುತ್ತದೆ.

ಇನ್ನೊಂದು ಮಾತು, ಇದು ನನ್ನ ಅಭಿರುಚಿಯದು. ಒಂದೇ ಕೃತಿಯಲ್ಲಿ ಬಟ್ಟೆಯ ಹೊರತಾಗಿ ಮೂರಕ್ಕಿಂತ ಹೆಚ್ಚು ಬಗೆಯ ವಸ್ತುಗಳಿದ್ದರೆ ಒಂದು ಇನ್ನೊಂದರ ಮಾತನ್ನು ನುಂಗುತ್ತದೆ. ನಿಮ್ಮಲ್ಲಿ ಬಣ್ಣ, ಕಾಗದ, ಲೇಸು, ನೆಟ್, ತಂತಿ, ಮಣಿ ಆರೂ ಇವೆ. ಕೃತಿಯ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಬೆಳಕು ನೆರಳಿನ ಆಕಾರ ಅಲ್ಲಿ ಸ್ಪಷ್ಟವಾಗಿ ನಿಂತಿದ್ದರೆ ಸರಿ. ಎಲ್ಲವೂ ಒಂದೇ ಬೂದಿಬಣ್ಣವಾಗಿ ಕಂಡರೆ ಮಣಿ ಸೇರಿಸುವುದರಿಂದ ಏನೂ ಸುಧಾರಿಸದು.

ಅಂಚು ಮುಗಿಸಲು ದಾರಿಗಳು ಹಲವು. ಚಿತ್ರದಂತಹ ಕೃತಿಗೆ ಹಿಂದಕ್ಕೆ ಮಡಚಿ ಹೊಲಿಯುವ ಒಳಪಟ್ಟಿ ಚೆನ್ನ, ಚೌಕಟ್ಟಿನ ಗೆರೆ ಎದುರಿಗೆ ಕಾಣುವುದಿಲ್ಲ. ತೂಗುಹಾಕುವ ಕೋಲು ತೂರಿಸಲು ಹಿಂಬದಿಯ ಮೇಲ್ತುದಿಯಲ್ಲಿ ನಾಲ್ಕಂಗುಲ ಅಗಲದ ಬಟ್ಟೆಯ ಕೊಳವೆಯನ್ನು ಕೈಯಿಂದ ಹೊಲಿಯಿರಿ. ಹೊಲಿಗೆ ಅಡಿಬಟ್ಟೆಯನ್ನು ಮಾತ್ರ ಹಿಡಿಯಲಿ. ಕೋಲಿನ ದಪ್ಪ ಮುಂದಕ್ಕೆ ಉಬ್ಬದಂತೆ ಕೊಳವೆಯನ್ನು ಸ್ವಲ್ಪ ಸಡಿಲವಾಗಿಡಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ವಸ್ತುಸಂಗ್ರಹಾಲಯಗಳಲ್ಲಿ ಜವಳಿಯ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಿತಿಗೊಳಿಸುತ್ತಾರೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲವಲ್ಲ. ತೆಗೆದಿಡುವಾಗ ಮಡಚದೆ, ಚಿತ್ರ ಹೊರಗೆ ಬರುವಂತೆ ಕೊಳವೆಗೆ ಸುತ್ತಿ. ಮೇಲೆ ಬೇಕಿಂಗ್ ಕಾಗದ ಇರಲಿ, ಸೆಕೆಯಲ್ಲಿ ಅಕ್ರಿಲಿಕ್ ಮೆದುವಾಗಿ ತಾಗಿದ್ದಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ಈಗ ನಿಮ್ಮ ಕೈಯಲ್ಲಿರುವ ಕೃತಿ. ಅದನ್ನು ಬಿಡಬೇಡಿ. ಮೊದಲು ಮಣಿ, ತಂತಿಗಳನ್ನು ಬಿಚ್ಚಿ ತೆಗೆದಿಡಿ. ಬಣ್ಣ ದಪ್ಪವಿರುವಲ್ಲಿ ಯಂತ್ರ ನಿಲ್ಲಿಸಿ, ಬಣ್ಣದ ಆಕಾರದ ಹೊರಗೆರೆಯಲ್ಲಿ ಮಾತ್ರ ಕೈಯಿಂದ ಹೊಲಿಯಿರಿ. ಸೂಜಿ ಹೋಗದಿದ್ದರೆ ಸಣ್ಣ ದಬ್ಬಳದಿಂದ ಮೊದಲೇ ತೂತು ಮಾಡಿಕೊಳ್ಳಿ. ಕಾಗದ ಹರಿದ ಗೆರೆಗಳ ಮೇಲೆ ನೆಟ್ ಹಾಸಿ, ಹರಿದ ಗೆರೆಗೆ ಅಡ್ಡಲಾಗಿ ಉದ್ದುದ್ದ ಕೈಹೊಲಿಗೆ ಹಾಕಿ. ಹರಿದದ್ದನ್ನು ಮುಚ್ಚಿಡುವ ಅಗತ್ಯವಿಲ್ಲ, ಆ ಅಡ್ಡಹೊಲಿಗೆಗಳೇ ಕೃತಿಯ ಒಂದು ರೇಖೆಯಾಗಲಿ. ಅಂಚುಗಳಲ್ಲಿ ನಡುವಿನಷ್ಟೇ ಒತ್ತಾಗಿ ಹೊಲಿಗೆ ತುಂಬಿ. ಕಾಗದ ಇರುವುದರಿಂದ ನೀರು ಚಿಮುಕಿಸಬೇಡಿ. ಕೃತಿಯನ್ನು ಮಗುಚಿ ಬೇಕಿಂಗ್ ಕಾಗದದ ಮೇಲೆ ಹಾಸಿ, ತುಕ್ಕು ಹಿಡಿಯದ ಪಿನ್ನುಗಳಿಂದ ಹಲಗೆಗೆ ಚೌಕವಾಗಿ ಬಿಗಿದು, ಹಿಂಬದಿಯಿಂದ ಇಸ್ತ್ರಿಯ ಹಬೆಯನ್ನು ದೂರದಿಂದಲೇ ಹಾಯಿಸಿ. ಪೂರ್ತಿ ಆರುವ ತನಕ ಪಿನ್ ತೆಗೆಯಬೇಡಿ.

ಇಷ್ಟಾದ ಮೇಲೂ ಅಲೆ ಉಳಿದರೆ ಧೈರ್ಯವಾಗಿ ಕತ್ತರಿಸಿ. ನಿಮಗೆ ಮೆಚ್ಚುಗೆಯಾದ ಮೂರು ನಾಲ್ಕು ಭಾಗಗಳನ್ನು ಆಯ್ದು, ಅವನ್ನು ಹೊಸ ಫೆಲ್ಟ್ ಮೇಲೆ ದೂರದೂರವಾಗಿ ಇಟ್ಟು, ನಡುವೆ ಬಣ್ಣ ತಾಗದ ಹತ್ತಿ ಬಟ್ಟೆಯ ಅಗಲ ಪಟ್ಟಿಗಳನ್ನು ಕೂರಿಸಿ. ಯಂತ್ರದ ಹೊಲಿಗೆ ಆ ಪಟ್ಟಿಗಳ ಮೇಲೆ ಓಡಲಿ, ಬಣ್ಣ ಮತ್ತು ಕಾಗದದ ಭಾಗಗಳನ್ನು ಕೈಹೊಲಿಗೆ ಹಿಡಿದುಕೊಳ್ಳಲಿ. ತೆಗೆದಿಟ್ಟ ಮಣಿಗಳಲ್ಲಿ ಎಷ್ಟು ಬೇಕು ಎಂಬುದನ್ನು ಅಂಚು ಮುಗಿದು ಕೃತಿ ಗೋಡೆಯ ಮೇಲೆ ತೂಗಿದ ಮೇಲೆ ನಿರ್ಧರಿಸಿ.